ಅತ್ತಿಯ ಕೋಳಿ, ಗಂಗಕ್ಕನ ನರಿ

ನಮ್ಮ ಹಾಸ್ಟೆಲಿನ ಬಾಗಿಲ ಪಕ್ಕದ ಹಲಗೆಗೆ ನಿನ್ನೆ ಮಧ್ಯಾಹ್ನ ಹೊಸ ನೋಟೀಸು ಅಂಟಿಸಿದ್ದಾರೆ. ಓದಲು ಹತ್ತಿರ ಹೋದವಳ ಮೂಗಿಗೆ ಮೊದಲು ಬಡಿದದ್ದು ಹಸಿ ಮೈದಾಹಿಟ್ಟಿನ ವಾಸನೆ, ಅಕ್ಷರ ಆಮೇಲೆ. ರಸ್ತೆ ತಿರುವಿನ ಹುಣಸೆಮರದ ಕೆಳಗೆ ಸಂಜೆ ಹೊತ್ತು ಕೆಲವು ಪುಂಡ ಹುಡುಗರು ನಿಂತು ಕೀಟಲೆ ಮಾಡುತ್ತಿರುವ ಕಾರಣ, ವಿದ್ಯಾರ್ಥಿನಿಯರು ಇನ್ನು ಮೇಲೆ ಏಳಕ್ಕಲ್ಲ, ಐದೂವರೆಗೇ ಒಳಗೆ ಬಂದಿರತಕ್ಕದ್ದು.

ನನಗೊಂದು ರೋಗವಿದೆ, ಮೊದಲೇ ಹೇಳಿಬಿಡುತ್ತೇನೆ. ಹೈಸ್ಕೂಲಿನಿಂದ ಚರ್ಚಾಸ್ಪರ್ಧೆಗೆ ನಿಂತು ನಿಂತು, ಯಾವ ಮಾತು ಕೇಳಿದರೂ ಅದರ ಕೀಲು ಎಲ್ಲಿ ಸಡಿಲಾಗಿದೆ ಎಂದು ಅಲುಗಾಡಿಸಿ ನೋಡುತ್ತೇನೆ. ನಿಲ್ಲುವವರು ಅವರು, ಒಳಗೆ ಹೋಗಬೇಕಾದವರು ನಾವು. ಇದ್ಯಾವ ಕಾರಣ, ನೀವೇ ಹೇಳಿ. ಹೀಗೆ ಹಲ್ಲು ಕಚ್ಚಿಕೊಂಡು ನಿಂತಿದ್ದಾಗ ಆ ಹಿಟ್ಟಿನ ವಾಸನೆಯೊಳಗಿಂದ ನಮ್ಮ ಅತ್ತಿ ಎದ್ದು ಬಂದಳು. ನಮ್ಮಪ್ಪನ ಅಕ್ಕ. ಹಿಟ್ಟಿನ ಗಿರಣಿಯ ನೆಲ ಗುಡಿಸಿ ತಂದದ್ದನ್ನು ನೀರಲ್ಲಿ ಕಲಸುತ್ತ, ಸುತ್ತಲೂ ಕೋಳಿಗಳ ಸಭೆ ಸೇರಿಸಿಕೊಂಡು.

ಅಪ್ಪನಿಗೆ ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಕೆಲಸ. ಬೈಲಹೊಂಗಲ ಕಡೆಯ ಬಯಲಿನಿಂದ ಬಂದ ನಮಗೆ ಕಾಡು ಹೊಸದು, ಕಾಡಿಗೆ ನಾವು ಹೊಸಬರು. ನಮ್ಮ ಸಾಲುಮನೆಗಳ ಹಿಂದೆ ಒಂದು ಹಳ್ಳ, ಹಳ್ಳದಾಚೆ ಬಿದಿರು. ಗಂಡ ತೀರಿಕೊಂಡ ಮೇಲೆ ಅತ್ತಿ ಒಂದು ಟ್ರಂಕು ಮತ್ತು ಬುಟ್ಟಿಯಲ್ಲಿ ಎರಡು ಹೇಂಟೆ ಹಿಡಿದುಕೊಂಡು ನಮ್ಮಲ್ಲಿಗೆ ಬಂದಳು. ಎರಡು ಹೋಗಿ ಹನ್ನೆರಡಾದವು. ಅವುಗಳ ಪೈಕಿ ಹಿರಿಯಳು ಕೆಂಪಿ; ಹುಂಜಕ್ಕೂ ಬೈಯುವ ಹೆಂಗಸು.

ರಾತ್ರಿ ಅವಕ್ಕೆ ಗೂಡು, ಹಗಲೆಲ್ಲ ಊರು. ಬೆಳಗಿನ ಮೊದಲ ಭೋಂಗಾ, ಅಂದರೆ ಮಿಲ್ಲಿನ ಸೀಟಿ, ಕೂಗುತ್ತಲೇ ಅತ್ತಿ ಗೂಡಿನ ಹಲಗೆ ಸರಿಸುತ್ತಿದ್ದಳು. ಅವು ಹಿತ್ತಲು, ಗಟಾರ, ಪಕ್ಕದವರ ಅವರೆ ಬಳ್ಳಿ ಎಲ್ಲವನ್ನೂ ಕೆದರಿಕೊಂಡು ಹಳ್ಳದ ದಂಡೆಯ ತನಕ ಹೋಗುತ್ತಿದ್ದವು. ಯಾರಾದರೂ ತಕರಾರು ತೆಗೆದರೆ ಅತ್ತಿಯ ಉತ್ತರ ತಯಾರಿರುತ್ತಿತ್ತು: "ಕೋಳಿ ಅಂದ್ರ ಕೆದರಬೇಕ್ರಿ. ಕೆದರದಿದ್ರ ಅದು ಕೋಳಿ ಅಲ್ಲ, ತತ್ತಿ ಚೀಲ." ಅವಳು ಹಿತ್ತಲು ದಾಟಿದರೆ ನಾಲ್ಕು ಮನೆಯವರು ಎಲ್ಲಿಗೆ ಎಂದು ಕೇಳುತ್ತಿದ್ದರು. ಕೋಳಿಗಳನ್ನು ಯಾರೂ ಕೇಳುತ್ತಿರಲಿಲ್ಲ. ಅತ್ತಿ ಹಲಗೆ ಸರಿಸಿ, ಅವು ಹೋಗುವುದನ್ನು ಕಣ್ಣಿಗೆ ಮರೆಯಾಗುವ ತನಕ ನೋಡುತ್ತಿದ್ದಳು. ಅದನ್ನು ನಾನು ಆಗ ಸೋಮಾರಿತನ ಅಂದುಕೊಂಡಿದ್ದೆ. ಹದಿಮೂರು ವರ್ಷದ ಜಾಣತನ ಅಷ್ಟೇ ಇರುತ್ತದೆ.

ಒಂದು ವರ್ಷ ಮಳೆ ಹಿಂದಾಗುತ್ತಲೇ ಕೋಳಿಗಳು ಕಾಣೆಯಾಗತೊಡಗಿದವು. ಬೆಳಗ್ಗೆ ಬಿಟ್ಟದ್ದು ಹನ್ನೆರಡು, ಗಂಟೆಯೊಳಗೆ ಹನ್ನೊಂದು. ಹಳ್ಳದ ದಂಡೆಯಲ್ಲಿ ಒಂದು ಹಿಡಿ ಪುಕ್ಕ. ನಾಲ್ಕನೆಯದು ಹೋದಾಗ ಸಾಲಿನ ಹಿರಿಯ ಕಲ್ಲಪ್ಪ ಮಿಸ್ತ್ರಿ ತೀರ್ಪು ಕೊಟ್ಟ: "ನರಿ ರುಚಿ ಹತ್ತೇತಿ. ಹಗಲೂ ಬುಟ್ಟಿ ಮುಚ್ಚಿ ಇಡ್ರಿ, ಅಕ್ಕಾರ."

ಅಪ್ಪ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. "ಇನ್ನೊಂದು ಹೋತಂದ್ರ ಉಳಿದಾವನ್ನೆಲ್ಲ ಹಳಿಯಾಳ ಸಂತಿಗೆ ಹೊಡದ ಬಿಡತೇನಿ ಅಕ್ಕಾ. ದಿನಾ ಬೆಳಗಾದ್ರ ಇದ ಗದ್ದಲ."

ಅತ್ತಿ ಒಂದು ದಿನ ಬುಟ್ಟಿ ಮುಚ್ಚಿ ನೋಡಿದಳು. ಕೆಂಪಿ ಇಡೀ ದಿನ ಬುಟ್ಟಿಯ ಬಿದಿರನ್ನು ಕುಕ್ಕಿದಳು. ಇಟ್ಟ ಹಿಟ್ಟು ಇಟ್ಟಂತೆಯೇ ಹುಳಿಯಿತು. ಸಂಜೆ ಅತ್ತಿ ಬುಟ್ಟಿ ಎತ್ತಿ ಎಸೆದಳು. ಮರುದಿನ ತಡವಾಗಿ ಬಿಟ್ಟು ನೋಡಿದಳು. ನರಿಯೂ ತಡವಾಗಿ ಬಂತು; ಅತ್ತಿಯ ಕೂಗಿಗೆ ಆ ಸಲ ಬರಿಬಾಯಲ್ಲಿ ಹೋಯಿತು.

ಬಯಲಲ್ಲಿ ಕಂಡರೆ ಓಡಿಹೋಗುವ ಪ್ರಾಣಿ ಮನೆಗಳ ಬೆನ್ನಿಗೇ ಬಂದು ಕೂರುವುದು ಹೇಗೆ? ಅದನ್ನು ಪತ್ತೆ ಹಚ್ಚಿದವಳು ನಾನು, ಹೆಮ್ಮೆಯಿಂದಲೇ ಹೇಳುತ್ತೇನೆ. ನಮ್ಮ ಬೇಲಿಯ ಆಚೆ, ಕಲ್ಲಿನ ಮೇಲೆ, ಬೆಳಬೆಳಗ್ಗೆ ಒಂದು ಜೋಳದ ರೊಟ್ಟಿ ಇತ್ತು. ಇಟ್ಟವಳು ಪಕ್ಕದ ಮನೆಯ ಗಂಗಕ್ಕ. ಉಳವಿಯ ದೇವರಿಗೆ ಹರಕೆ ಹೊತ್ತವಳು, ಕೋಳಿ ಎಂದರೆ ಮೂಗಿಗೆ ಸೆರಗು ಹಿಡಿಯುವವಳು. ಅವಳ ಗಂಡ ಬಸಪ್ಪ ಮಿಲ್ಲಿನಲ್ಲಿ ಬದಲಿ ಆಳು. ದಿನಾ ಗೇಟಿನ ಮುಂದೆ ನಿಲ್ಲಬೇಕು. ಯಾರಾದರೂ ಕೆಲಸಕ್ಕೆ ಬಾರದಿದ್ದರೆ ಇವನನ್ನು ಒಳಗೆ ಕರೆಯುತ್ತಾರೆ, ಇಲ್ಲದಿದ್ದರೆ ಬುತ್ತಿ ಬಿಚ್ಚದೆ ವಾಪಸು. ಒಂದು ದಿನ ಗೇಟಿಗೆ ಹೊರಟಾಗ ಬಸಪ್ಪ ನರಿಯ ಮುಖ ನೋಡಿದ. ಅವತ್ತು ಕೆಲಸ ಸಿಕ್ಕಿತು. ನರಿ ಮುಖ ನೋಡಿದರೆ ಒಳ್ಳೆಯದಾಗುತ್ತದೆ ಎಂದು ನಂಬದ ಮನೆ ನಮ್ಮ ಸಾಲಿನಲ್ಲಿ ಇರಲಿಲ್ಲ. ಗಂಗಕ್ಕ ನಂಬಿ ಸುಮ್ಮನಾಗಲಿಲ್ಲ, ಏರ್ಪಾಟು ಮಾಡಿದಳು.

ನಾನು ತಯಾರಿ ಮಾಡಿಕೊಂಡು ಹೋದೆ. ಎಂಟು ದಿನ ಬೇಲಿಯ ಸಂದಿಯಲ್ಲಿ ನಿಂತು ಬರೆದುಕೊಂಡಿದ್ದೆ. ನಳದ ಕಟ್ಟೆಯ ಹತ್ತಿರ, ಎಲ್ಲ ಹೆಂಗಸರ ಎದುರಿಗೇ ಕೇಳಿದೆ: "ಗಂಗಕ್ಕಾ, ನಿಮ್ಮವರು ಈ ವಾರ ನಾಕು ದಿನ ನರಿ ನೋಡ್ಯಾರ. ಅದರಾಗ ಮೂರು ದಿನ ಕೆಲಸ ಸಿಕ್ಕಿಲ್ಲ. ಇದಕ್ಕೇನಂತೀರಿ?"

ಗಂಗಕ್ಕ ಕೊಡ ತುಂಬಿಸುತ್ತಲೇ ಅಂದಳು: "ಆ ಮೂರು ದಿನ ಬಾಲ ಕಂಡಿತ್ತವ್ವಾ. ಮಖ ಕಂಡಿರಲಿಲ್ಲ."

ಇದಕ್ಕೆ ಏನು ಹೇಳುತ್ತೀರಿ? ನಮ್ಮ ಮಾಸ್ತರರು ಕಲಿಸಿದ ಯಾವ ಪಟ್ಟೂ ಇದಕ್ಕೆ ಹತ್ತಲಿಲ್ಲ. ಆದರೂ ನಾನು ಬಿಡಲಿಲ್ಲ. "ನಿಮ್ಮ ರೊಟ್ಟಿ ಉಂಡ ನರಿಗೆ ಪಲ್ಯಾ ಯಾರ ಮನೀದು, ಗಂಗಕ್ಕಾ?" ಎಂದೆ. ನಳದ ಕಟ್ಟೆಯೆಲ್ಲ ನಕ್ಕಿತು. ಗೆದ್ದೆ ಅಂದುಕೊಂಡೆ. ಗಂಗಕ್ಕನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿಯೂ ಗೆದ್ದೆ ಅಂದುಕೊಂಡೆ. "ನಿಮ್ಮಪ್ಪಂದು ಕಾಯಂ ನೌಕರಿ ಐತಿ, ಬಾಳ ಶಾಣ್ಯಾಕಿ ನೀನು," ಎಂದಷ್ಟೇ ಹೇಳಿ ಅವಳು ಕೊಡ ಎತ್ತಿಕೊಂಡಳು.

ಮರುದಿನ ಬೆಳಗ್ಗೆ ಕಲ್ಲಿನ ಮೇಲೆ ರೊಟ್ಟಿ ಇತ್ತು. ಅಷ್ಟೇ ಅಲ್ಲ, ಆ ದಿನ ನರಿ ಕೆಂಪಿಯನ್ನೇ ಹಿಡಿಯಿತು. ಅತ್ತಿ ಸೌದೆ ಕೊಳ್ಳಿ ಹಿಡಿದು ಓಡಿದಳು. ಕೂಗಾಟದಲ್ಲಿ ನರಿಯ ಬಾಯಲ್ಲಿ ಉಳಿದದ್ದು ಬಾಲದ ಪುಕ್ಕ ಮಾತ್ರ. ಕೆಂಪಿ ಬೋಳು ಹಿಂಭಾಗ ಹೊತ್ತು ಅಡಿಗೆಮನೆಗೆ ನುಗ್ಗಿ, ಅವ್ವನ ಹಿಟ್ಟಿನ ಪರಾತದಲ್ಲಿ ನಿಂತಳು.

"ಹೋದಂಗ ಆತಲ್ಲಕ್ಕಾ," ಅಂದ ಅಪ್ಪ. "ಇವತ್ತ ಮಂಗಳವಾರ. ಬರೂ ಸಂತಿಗೆ ಎಲ್ಲಾ ಹೊಡೀತೇನಿ."

"ಬಾಲ ಹೋಗೇತಿ. ಕೋಳಿ ಐತಿ," ಅಂದಳು ಅತ್ತಿ. "ನೀ ಹೇಳಿದ್ದು ಕೋಳಿ ಹೋದ್ರ ಅಂತ."

ಅಪ್ಪ ನನ್ನ ಕಡೆ ನೋಡಿದ. ವಾದ ಮಾಡುವ ಈ ರೋಗ ನನಗೆ ಯಾವ ಕಡೆಯಿಂದ ಬಂತು ಎಂಬುದು ಅವತ್ತು ಅವನಿಗೂ ಗೊತ್ತಾಗಿರಬೇಕು.

ಅತ್ತಿ ಸೀದಾ ಗಂಗಕ್ಕನ ಮನೆಗೆ ಹೋದಳು. ದೊಡ್ಡ ಜಗಳ ನೋಡುವ ಆಸೆಯಿಂದ ನಾನೂ ಹಿಂದೆ ಹೋದೆ. ಜಗಳವಾಗಲಿಲ್ಲ. ಅತ್ತಿ ಹೊಸ್ತಿಲ ಮೇಲೆ ಕೂತು ಮೆಲ್ಲಗೆ ಕೇಳಿದಳು: "ಬಸಪ್ಪ ನರಿ ಮಖ ನೋಡಿ ಏನ ಮಾಡತಾನು?"

"ಕೈ ಮುಗೀತಾರ್ರಿ."

"ಅಷ್ಟ? ಅದಕ್ಕ ನೋಡು ಫಲ ಅರ್ಧಾ. ನಮ್ಮೂರ ಕಡೆ ಹಂಗಲ್ಲವ್ವಾ. ಮಖ ನೋಡಿದಾಂವ ಬಡಿಗಿ ಹಿಡದು ಬೆನ್ನ ಹತ್ತಿ, ಹಳ್ಳಾ ದಾಟಿಸಿ ಬರಬೇಕು. ಹಂಗ ಮಾಡಿದ್ರ ಪೂರ್ತಿ ಫಲ. ರೊಟ್ಟೀನೂ ಹಳ್ಳದ ಆಚೀಗೆ ಇಡಬೇಕು, ಈಚೀಗಿಟ್ರ ಮನೀ ಲಕ್ಷ್ಮೀನ ತಿಂತೈತಿ."

ಅತ್ತಿಯ ಊರಲ್ಲಿ ಅಂಥ ಪದ್ಧತಿ ಇರಲೇ ಇಲ್ಲ.

ಮರುದಿನದಿಂದ ನಮ್ಮ ಸಾಲಿಗೆ ಹೊಸ ತಮಾಷೆ. ಭೋಂಗಾ ಕೂಗುತ್ತಲೇ ಬಸಪ್ಪ ಧೋತರ ಮೇಲೆ ಕಟ್ಟಿ, ಬಡಿಗೆ ಹಿಡಿದು "ಹುಯ್" ಎಂದು ಹಳ್ಳದ ತನಕ ಓಡುವುದು; ಅತ್ತಿ ಇತ್ತ ಗೂಡಿನ ಹಲಗೆ ಸರಿಸುವುದು. ನರಿಗೂ ಬುದ್ಧಿ ಇರುತ್ತದೆ. ದೀಪಾವಳಿಯ ಹೊತ್ತಿಗೆ ಅದು ಹಳ್ಳ ದಾಟುವುದನ್ನೇ ಬಿಟ್ಟಿತು. ಬಸಪ್ಪ ಮಾತ್ರ ಓಡುವುದು ಬಿಡಲಿಲ್ಲ. ಮತ್ತೊಂದು ಕೋಳಿ ಹೋಗಲಿಲ್ಲ, ಸಂತೆಯ ಮಾತು ಮತ್ತೆ ಬರಲಿಲ್ಲ, ಕೆಂಪಿಗೆ ಮೊದಲಿನದಕ್ಕಿಂತ ಉದ್ದನೆಯ ಬಾಲ ಬಂತು.

ಬೇಸಿಗೆಯಲ್ಲಿ ಬಸಪ್ಪನ ಕೆಲಸ ಕಾಯಂ ಆಯಿತು. ಗಂಗಕ್ಕ ಮನೆಮನೆಗೆ ಸಕ್ಕರೆ ಹಂಚಿದಳು. ಕೀರ್ತಿ ನರಿಗೆ ಹೋಯಿತು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಓಡಿದ ಓಟದಲ್ಲೇ ಅವನು ಎಲ್ಲರಿಗಿಂತ ಮೊದಲು ಗೇಟಿನ ಮುಂದೆ ನಿಂತಿರುತ್ತಿದ್ದ, ಕರೆಯುವವರ ಕಣ್ಣಿಗೆ ದಿನಾ ಮೊದಲು ಬೀಳುತ್ತಿದ್ದ. ಕಾರಣ ಅದು. ಅತ್ತಿಗೂ ಹೀಗೇ ಹೇಳಿ, "ನೀ ಸುಳ್ಳು ಹೇಳಿದಿ, ಅತ್ತಿ," ಎಂದು ಜಗಳ ತೆಗೆದಿದ್ದೆ.

"ಹೌದು, ಹೇಳೇನಿ. ನಿನ್ನ ಖರೇ ಒಂದ ಕೋಳೀನರೆ ಉಳಿಸಿತೇನು?"

ಇಲ್ಲ, ಉಳಿಸಲಿಲ್ಲ. ಆದರೂ ಆ ಸುಳ್ಳನ್ನು ನಾನು ಕ್ಷಮಿಸಿಲ್ಲ. ಒಂದು ಮೂಢನಂಬಿಕೆ ಓಡಿಸಲು ಇನ್ನೊಂದನ್ನು ಸಾಕುವುದು ಯಾವ ನ್ಯಾಯ? ಅತ್ತಿ ಎದುರಿಗಿದ್ದರೆ ಇವತ್ತೂ ಜಗಳ ಆಡುತ್ತೇನೆ. ಆದರೆ ನಿನ್ನೆ ಆ ಹಲಗೆಯ ಮುಂದೆ ನಿಂತಾಗ ಹೊಳೆದದ್ದೇ ಬೇರೆ. ಮಿಸ್ತ್ರಿ, ಅಪ್ಪ, ನಾನು, ನಾವೆಲ್ಲ ಮಾತಾಡಿದ್ದು ಕೋಳಿಯ ಬಗ್ಗೆ, ಇಲ್ಲವೇ ನರಿ ಮುಖದ ಬಗ್ಗೆ. ನರಿ ಬರುವ ದಾರಿಗೆ ಒಬ್ಬ ಮನುಷ್ಯನನ್ನು ನಿಲ್ಲಿಸಿದವಳು ಅತ್ತಿ ಒಬ್ಬಳೇ.

ನೋಟೀಸಿಗೆ ಉತ್ತರವಾಗಿ ನಾನು ಹನ್ನೊಂದು ಅಂಶ ಬರೆದಿದ್ದೆ. ಹರಿದು ಹಾಕಿದೆ. ಇವತ್ತು ಮಧ್ಯಾಹ್ನ ನಾವು ನಾಲ್ವರು ವಾರ್ಡನ್ ಬಾಯಿಯವರ ಕೋಣೆಗೆ ಹೋದೆವು.

"ಬಾಯೀರ, ನಮ್ಮ ಈರಪ್ಪಜ್ಜ ಸಂಜೀಕೆ ಗೇಟಿನಾಗ ಕುಂತು ನಾವು ಬಂದದ್ದು ಬರಕೋತಾನಲ್ರಿ, ಅವನ ಕುರ್ಚಿ ಐದೂವರಿಯಿಂದ ಏಳರ ತನಕ ಹುಣಸೀಮರದ ಬುಡಕ ಇರಲಿ."

"ಅಲ್ಲಿ ಆ ಹುಡುಗ್ರು ನಿಂತಿರತಾರಲ್ಲ?"

"ಅದಕ್ಕ ಅನ್ನಾಕ ಹತ್ತೇವ್ರಿ."

ವಿಚಾರ ಮಾಡುತ್ತೇನೆ ಎಂದರು. ಮಾಡಲಿ. ಈಗ ಆರು ಗಂಟೆ. ಕುರ್ಚಿಯನ್ನು ನಾವೇ ಹೊತ್ತು ಮರದ ಬುಡಕ್ಕೆ ತಂದು ಇಟ್ಟಿದ್ದೇವೆ. ಬಡಿಗೆ ಊರಿಕೊಂಡು ಈರಪ್ಪಜ್ಜ ಕೂತಿದ್ದಾನೆ. ನಾನು ಅವನ ಪಕ್ಕದ ಕಲ್ಲಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಹುಡುಗರು ರಸ್ತೆಯ ಆಚೆ ನಿಂತು ನೋಡುತ್ತಿದ್ದಾರೆ. ಈಚೆ ಇನ್ನೂ ಯಾರೂ ದಾಟಿಲ್ಲ.