ಮಾಜಿ ಹೆಂಡತಿಯ ಹಳೇ ನಂಬರು

ಗುಬ್ಬಿಯ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಗ್ರಾಹಕರ ರಕ್ಷಣೆಯ ಪಾಠ ಬಂದರೆ ನನಗೆ ಎಲ್ಲಿಲ್ಲದ ಹುರುಪು. ಬಿಲ್ ಕೇಳಿ ಪಡೆಯಿರಿ, ಕರಾರನ್ನು ಓದಿ ಸಹಿ ಮಾಡಿ, ಅನ್ಯಾಯವಾದರೆ ಸುಮ್ಮನಿರಬೇಡಿ ಎಂದು ಮೇಜು ಕುಟ್ಟಿ ಹೇಳುತ್ತೇನೆ. ಅಂಥ ಒಂದು ಪಾಠ ಮುಗಿಸಿ ವರಾಂಡಕ್ಕೆ ಬಂದಾಗಲೇ ಆ ಫೋನು ಬಂತು.

"ಸರ್, ವಸೂಲಿ ವಿಭಾಗದಿಂದ ಮಾತಾಡ್ತಿರೋದು. ನಿಮ್ಮ ಪೋಸ್ಟ್‌ಪೇಯ್ಡ್ ಬಿಲ್ ಪೆಂಡಿಂಗ್ ಇದೆ. ಇವತ್ತೇ ಕಟ್ತೀರಾ?"

ನಾನು ಆ ಮೊಬೈಲ್ ಕಂಪನಿಯನ್ನು ಬಿಟ್ಟು ತಿಂಗಳುಗಳೇ ಆಗಿದ್ದವು. ಹಾಗೆಂದೆ. ಅವನು ಸಾವಧಾನವಾಗಿ ಒಂದು ನಂಬರು ಓದಿದ. ಮೊದಲ ನಾಲ್ಕು ಅಂಕಿಗೇ ಗುರುತು ಹತ್ತಿತು. ಅದು ನನ್ನ ಹೆಂಡತಿಯ ನಂಬರು. ಹೆಂಡತಿ ಅನ್ನುವುದು ತಪ್ಪು, ಕೋರ್ಟಿನಲ್ಲಿ ಇಬ್ಬರೂ ಒಪ್ಪಿ ಬೇರೆಯಾಗಿದ್ದೆವು.

ಮದುವೆಯಾದ ಹೊಸತರಲ್ಲಿ ನನ್ನ ಹೆಸರಿನಲ್ಲಿ ಫ್ಯಾಮಿಲಿ ಪ್ಲಾನ್ ತೆಗೆದುಕೊಂಡು, ಒಂದು ನಂಬರು ನನಗೆ, ಒಂದು ಅವಳಿಗೆ ಎಂದು ಮಾಡಿದ್ದೆ. ಬೇರೆಯಾದ ಮೇಲೆ ನನ್ನ ನಂಬರನ್ನು ಬೇರೆ ಕಂಪನಿಗೆ ಬದಲಾಯಿಸಿಕೊಂಡೆ. ಅಲ್ಲಿಗೆ ಫ್ಯಾಮಿಲಿಯೂ ಮುಗಿಯಿತು, ಪ್ಲಾನೂ ಮುಗಿಯಿತು ಎಂದುಕೊಂಡೆ. ಬಿಲ್ಲುಗಳು ನಾನು ಪಾಸ್‌ವರ್ಡ್ ಮರೆತಿದ್ದ ಯಾವುದೋ ಹಳೇ ಇ-ಮೇಲಿಗೆ ಹೋಗುತ್ತಿದ್ದವಂತೆ.

"ಅದು ನನ್ನದಲ್ಲ, ನನ್ನ ಮಾಜಿ ಹೆಂಡತೀದು. ಅವರನ್ನೇ ಕೇಳಿ," ಎಂದೆ.

"ಸಿಮ್ಮು ನಿಮ್ಮ ಹೆಸರಲ್ಲಿದೆ ಸರ್. ಕಂಪನಿಗೆ ನೀವೇ ಗಂಡ, ನೀವೇ ಹೆಂಡತಿ."

ಮಾತಾಡುತ್ತಲೇ ಸ್ಟಾಫ್ ರೂಮಿಗೆ ಬಂದಿದ್ದೆ, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಗ್ರಾಹಕರ ವೇದಿಕೆಗೆ ಹೋಗುತ್ತೇನೆ, ಒಂದು ಪೈಸೆಯನ್ನೂ ಕಟ್ಟುವುದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಘೋಷಿಸಿದೆ. ಅಷ್ಟರಲ್ಲಿ ಅವನು ಫೋನು ಇಟ್ಟಿದ್ದ.

ಶನಿವಾರ ಮಧ್ಯಾಹ್ನ ತುಮಕೂರಿಗೆ ಬಂದವನು ಸದಾಶಿವನಗರದ ಮನೆಗೂ ಹೋಗದೆ ನೇರವಾಗಿ ಬಿ.ಎಚ್. ರಸ್ತೆಯ ಆ ಕಂಪನಿಯ ಅಂಗಡಿಗೆ ಹೋದೆ. ಬಸ್ಸಿನಲ್ಲಿ ಪೂರ್ತಿ ಭಾಷಣ ತಯಾರು ಮಾಡಿಕೊಂಡಿದ್ದೆ. ಕೌಂಟರಿನ ಹುಡುಗಿ ಅದರ ಮೊದಲ ವಾಕ್ಯ ಮುಗಿಯುವ ಮುಂಚೆಯೇ, "ಆಧಾರ್ ಕೊಡಿ ಸರ್," ಎಂದಳು. ಕೊಟ್ಟೆ. ಖಾತೆ ನನ್ನದೇ. ಸಾಕ್ಷಿ ಬೇಕು ಎಂದೆ. ಕರೆಗಳ ವಿವರ ಸಮೇತ ಕೊನೆಯ ಬಿಲ್ಲನ್ನು ತೆಗೆದು ಕೈಗಿಟ್ಟಳು.

ಅಲ್ಲೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಓದಿದೆ. ಓದುತ್ತಾ ಹೋದಂತೆ ಬಾಕಿಯ ವಿಷಯವೇ ಮರೆತುಹೋಯಿತು. ಆ ನಂಬರಿನಿಂದ ಹೋಗಿದ್ದ ಕರೆಗಳೆಲ್ಲ ಒಂದೇ ಒಂದು ನಂಬರಿಗೆ. ಬೆಳಗಿನ ಜಾವ, ನಡುಮಧ್ಯಾಹ್ನ, ನಡುರಾತ್ರಿ ಕಳೆದ ಮೇಲೂ. ಒಂದೊಂದೂ ಕೆಲವೇ ಸೆಕೆಂಡು. ದಿನವೂ ತಪ್ಪಿಲ್ಲ.

ಬೇರೆಯಾಗುವಾಗ, ನೀನು ನಿನ್ನ ಬದುಕು ನೋಡಿಕೋ ಎಂದು ದೊಡ್ಡ ಮನಸ್ಸಿನವನಂತೆ ಹೇಳಿದ್ದವನು ನಾನೇ. ಅವಳು ನೋಡಿಕೊಂಡಿದ್ದಾಳೆ ಎಂದು ಗೊತ್ತಾದಾಗ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ನಡುರಾತ್ರಿ ಎಚ್ಚರವಿದ್ದು ಫೋನು ಎತ್ತುವವನು ಯಾರು? ನನ್ನ ಕಾಲದಲ್ಲಿ ಒಂಬತ್ತೂವರೆಗೆ ನಿದ್ದೆ ಹೋಗುತ್ತಿದ್ದಳಲ್ಲ. ಅದಕ್ಕಿಂತ ಮುಖ್ಯವಾಗಿ, ಅವನ ಜೊತೆ ಮಾತಾಡಿದ್ದಕ್ಕೆ ದುಡ್ಡು ನಾನೇಕೆ ಕಟ್ಟಬೇಕು?

ಭಾನುವಾರವೆಲ್ಲ ಆ ಕಾಗದ ಹಿಡಿದು ಮನೆಯಲ್ಲಿ ಅಡ್ಡಾಡಿದೆ. ಸೋಮವಾರ ಡ್ರಿಲ್ ಮೇಷ್ಟ್ರ ಫೋನು ಇಸಕೊಂಡು, ಶಾಲೆಯ ಹಿಂದಿನ ನೀರಿನ ಟ್ಯಾಂಕಿನ ಬಳಿ ನಿಂತು ಆ ನಂಬರಿಗೆ ಮಾಡಿದೆ. ಗಂಟಲು ದಪ್ಪ ಮಾಡಿಕೊಂಡು, "ಯಾರು ಮಾತಾಡೋದು?" ಎಂದು ಕೇಳಿದೆ.

"ಫೋನ್ ಮಾಡಿರೋನು ನೀನು. ನಾನ್ಯಾರು ಅಂತ ನನ್ನೇ ಕೇಳ್ತೀಯಲ್ಲಪ್ಪ," ಎಂದಿತು ಒಂದು ಮುದಿ ದನಿ. ಆಮೇಲೆ ಸ್ವಲ್ಪ ತಡೆದು, "ಯಾರು, ಮೇಷ್ಟ್ರಾ?" ಎಂದಿತು.

ನನ್ನ ಮಾವ. ಅವರ ನಂಬರು ನನಗೆ ಎಂದೂ ಬಾಯಿಪಾಠ ಇರಲಿಲ್ಲ. 'ಮಾವ' ಎಂದು ಸೇವ್ ಮಾಡಿಕೊಂಡಿದ್ದು, ಸಿಟ್ಟಿನಲ್ಲಿ ಅಳಿಸಿಯೂ ಹಾಕಿದ್ದೆ. ಮೊದಲು ಬಾಯ್ತುಂಬ ಅಳಿಯಂದ್ರೇ ಎನ್ನುತ್ತಿದ್ದವರು ಈಗ ಮೇಷ್ಟ್ರು ಎಂದಿದ್ದರು.

ತಡವರಿಸುತ್ತಾ ಕೇಳಿದೆ: "ನಿಮ್ಮ ಮಗಳ ನಂಬರಿಂದ ನಿಮಗೆ ಹೊತ್ತಲ್ಲದ ಹೊತ್ತಲ್ಲಿ ಫೋನ್ ಬರ್ತಿತ್ತಾ?"

"ಬರ್ತಿತ್ತು. ಕರೆಂಟ್ ಬಂತು ಅಂತ ಹೇಳಾಕೆ. ತೋಟದ ಮೋಟ್ರಿಗೆ ಮೊಬೈಲ್ ಸ್ಟಾರ್ಟರ್ ಹಾಕ್ಸಿದೀನಲ್ಲ, ಅದ್ರೊಳ್ಗೆ ಆ ಸಿಮ್ಮೇ ಇರೋದು. ಈಗ ಕೆಟ್ಟೋಗೈತೆ. ಮೆಕ್ಯಾನಿಕ್ ಎರಡು ಸಲ ಬಂದು ಬಿಚ್ಚಿ ನೋಡ್ದ, ಏನೂ ಗೊತ್ತಾಗಿಲ್ಲ."

ನನಗೆ ಗೊತ್ತಾಯಿತು: ಬಿಲ್ ಕಟ್ಟದ್ದಕ್ಕೆ ಕಂಪನಿಯವರು ಲೈನು ಕತ್ತರಿಸಿದ್ದರು. ಎರಡು ದಿನ ನಾನು ಹಲ್ಲು ಕಡಿದದ್ದು ತೆಂಗಿನ ತೋಟದ ಒಂದು ಕಬ್ಬಿಣದ ಡಬ್ಬಿಯ ಮೇಲೆ. ಹೊಟ್ಟೆಗೆ ಬಿದ್ದ ಬೆಂಕಿ ಆರಿತು. ಅದು ಆರಿದ್ದಕ್ಕೆ ಆದ ಸಂತೋಷ ನೋಡಿ ಇನ್ನಷ್ಟು ನಾಚಿಕೆಯಾಯಿತು.

ಮುಂದಿನ ಭಾನುವಾರ ಕುಣಿಗಲ್ ಬಸ್ಸು ಹತ್ತಿದೆ. ಊರು ದಾಟಿ ಸ್ವಲ್ಪ ದೂರದಲ್ಲಿ ಅವರ ತೋಟ. ಅವಳು ಕುಣಿಗಲ್‌ನಲ್ಲೇ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸ ಮಾಡುತ್ತಾಳೆ. ಆ ದಿನ ರಜೆ, ತೋಟದಲ್ಲೇ ಇದ್ದಳು. ಏನೆಂದು ಮಾತು ಶುರು ಮಾಡಬೇಕೋ ತಿಳಿಯದೆ, "ಹೇಗಿದೀರಾ ನೀವು?" ಎಂದೆ.

"ನೀವು ಅಂತ ಯಾಕೆ ಕರೀತೀರಾ? ನಾನೇನು ನಿಮ್ಮ ಹೆಡ್ಮಿಸ್ಸಾ?"

ಬಿಲ್ಲು ತೆಗೆದು ಕೊಟ್ಟೆ. ಪೂರ್ತಿ ನೋಡಿದಳು. "ಹೊಸ ನಂಬರ್ ತಗೊಂಡಾಗಲೇ ನಿಮಗೆ ಮೆಸೇಜ್ ಹಾಕಿದ್ದೆ. ಹಳೇದನ್ನ ಅಪ್ಪನ ಸ್ಟಾರ್ಟರಿಗೆ ಹಾಕ್ತಿದೀನಿ, ನನ್ನ ಹೆಸರಿಗೆ ಮಾಡ್ಕೊಡಿ, ಬಿಲ್ ನಾನೇ ಕಟ್ಕೋತೀನಿ ಅಂತ. ನೀವು ನೋಡ್ಲೇ ಇಲ್ಲ."

"ಬ್ಲಾಕ್ ಮಾಡಿದ್ದೆ," ಎಂದೆ.

"ಅದು ಗೊತ್ತಾಯ್ತು. ಆಮೇಲೆ ಬಿಲ್ ಬರ್ಲೇ ಇಲ್ಲ, ನೀವೇ ಕಟ್ತಿದೀರ ಅಂದ್ಕೊಂಡೆ. ಪರವಾಗಿಲ್ಲ, ಅಪ್ಪನ ಮೇಲಾದ್ರೂ ಸ್ವಲ್ಪ ವಿಶ್ವಾಸ ಉಳಿಸ್ಕೊಂಡಿದಾರೆ ಅಂತ."

ಅಷ್ಟು ಒಳ್ಳೆಯ ಅಭಿಪ್ರಾಯ ನನ್ನ ಬಗ್ಗೆ ಅವಳಿಗೆ ಕೆಲವು ತಿಂಗಳಾದರೂ ಇತ್ತು ಎಂದು, ಅದು ಸುಳ್ಳಾದ ಗಳಿಗೆಯಲ್ಲೇ ನನಗೆ ತಿಳಿದದ್ದು. ಮಾವ ಎಳನೀರು ಕೆತ್ತಿ ಕೊಟ್ಟರು. ಆ ಸಮಯಕ್ಕೇ ವಸೂಲಿಯವನ ಫೋನು ಬಂತು. ನಾನು ಎದ್ದು ನಿಂತು, "ನೋಡಿ ಮಿಸ್ಟರ್, ಗ್ರಾಹಕನಾಗಿ ನನ್ನ ಹಕ್ಕುಗಳು..." ಎಂದು ಶುರು ಮಾಡಿದೆ. ಅವಳು ಕೈ ಚಾಚಿದಳು. ಫೋನು ಕೊಟ್ಟೆ.

"ಅಣ್ಣ, ಆ ನಂಬರ್ ಉಪಯೋಗಿಸ್ತಿದ್ದಿದ್ದು ನಾವೇ. ಪ್ಲಾನಿನ ಬಾಡಿಗೆ ಕಟ್ತೀವಿ. ಲೇಟ್ ಫೀ ಮಾತ್ರ ಆಗಲ್ಲ. ಬಿಲ್ಲು ಯಾರೂ ನೋಡದಿರೋ ಇ-ಮೇಲಿಗೆ ಹೋಗಿದೆ, ಲೈನ್ ಕಟ್ ಮಾಡೋ ಮುಂಚೆ ನೀವು ಒಂದು ಸಲನೂ ಫೋನ್ ಮಾಡಿಲ್ಲ. ಲೇಟ್ ಫೀ ತೆಗೆದು ಬರೆದು ಕಳ್ಸಿ, ಈಗಲೇ ಕಟ್ತೀವಿ." ಆ ಕಡೆ ಅವನು ಏನೋ ಹೇಳಿದ. "ಸರಿ, ನಿಮ್ಮ ಮ್ಯಾನೇಜರನ್ನ ಕೇಳಿ. ಲೈನಲ್ಲೇ ಇರ್ತೀನಿ," ಎಂದಳು.

ಲೈನಿನಲ್ಲೇ ಇದ್ದಳು. ಎಳನೀರಿನ ಗಂಜಿ ಕೆರೆದು ತಿನ್ನುತ್ತಾ ಕೂತಿದ್ದಳು. ಅವಳು ಅದನ್ನು ತಿಂದು ಮುಗಿಸುವಷ್ಟರಲ್ಲಿ ಲೇಟ್ ಫೀ ಮಾಯವಾಗಿತ್ತು. ಉಳಿದದ್ದನ್ನು ಮಾವ ಕೊಡಲು ಬಂದರು, ಅವಳು ತಡೆದಳು. ನಾನು ಗತ್ತಿನಿಂದ ಪೂರ್ತಿ ನಾನೇ ಕಟ್ಟುತ್ತೇನೆ ಎಂದೆ. ಬೇಡ ಎಂದು ಯಾರಾದರೂ ಹೇಳಬಹುದು ಎಂದು ಕಾದೆ. ಯಾರೂ ಹೇಳಲಿಲ್ಲ. ಕಟ್ಟಿದೆ.

ಅವಳು ಸ್ಕೂಟರಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಡಲು ಬಂದಳು. ಅರ್ಧ ದಾರಿಯಲ್ಲಿ ಹಿಂದೆ ತಿರುಗದೆ ಕೇಳಿದಳು: "ಅಪ್ಪಂಗೆ ಫೋನ್ ಮಾಡಿ ಯಾರು ಅಂತ ಕೇಳಿದ್ರಂತೆ. ಯಾರು ಅಂದ್ಕೊಂಡಿದ್ರಿ?"

"ಸುಮ್ನೆ, ವಿಚಾರಣೆಗೆ."

"ಯಾರಾದ್ರೂ ಇದ್ದಿದ್ರೆ ನಿಮಗೇನು?"

ಗಾಳಿಗೆ ಕೇಳಿಸಲಿಲ್ಲ ಎನ್ನುವ ಹಾಗೆ ಕೂತೆ. ಕೇಳಿಸಿದೆ ಎಂದು ಅವಳಿಗೂ ಗೊತ್ತಿತ್ತು. ಮತ್ತೆ ಕೇಳಲಿಲ್ಲ.

ನಂಬರು ಮತ್ತೆ ಜೀವ ಪಡೆಯಿತು. ಹೆಸರು ಬದಲಾಯಿಸಲು ಇಬ್ಬರೂ ಬರಬೇಕೆಂದು ಅಂಗಡಿಯವರು ಹೇಳಿದ್ದರಿಂದ, ಮುಂದಿನ ಶನಿವಾರ ಅವಳು ತುಮಕೂರಿಗೆ ಬಂದಳು. ಅದೇ ಪ್ಲಾಸ್ಟಿಕ್ ಕುರ್ಚಿಗಳಲ್ಲಿ, ನಡುವೆ ಒಂದು ಖಾಲಿ ಬಿಟ್ಟು ಕೂತೆವು. ಕೌಂಟರಿನ ಹುಡುಗಿ ಟೈಪ್ ಮಾಡುತ್ತಾ ತಲೆ ಎತ್ತಿದಳು. "ನಿಮ್ಮಿಬ್ಬರಿಗೂ ಸಂಬಂಧ ಏನು?"

ನಾನು ಗಂಟಲು ಸರಿಮಾಡಿಕೊಂಡೆ. ನ್ಯಾಯಾಲಯದ ಆದೇಶದಿಂದಲೇ ವಿವರಿಸಬೇಕೆಂದಿದ್ದೆ.

"ಪರಿಚಯದವರು ಅಂತ ಬರ್ಕೊಳ್ಳಿ," ಎಂದಳು ಅವಳು.

ಹುಡುಗಿ ಬರೆದುಕೊಂಡಳು. ಆ ಪದ ನನಗೆ ಬೇಸರ ತರಬೇಕಿತ್ತು, ತರಲಿಲ್ಲ. ನಾವಿಬ್ಬರೂ ಒಟ್ಟಿಗಿದ್ದ ವರ್ಷಗಳಲ್ಲಿ ಇಷ್ಟರಮಟ್ಟಿಗೂ ಪರಿಚಯವಾಗಿರಲಿಲ್ಲವೇನೋ. ಸಹಿ ಹಾಕಿ ಹೊರಗೆ ಬಂದೆವು. ಕುಣಿಗಲ್ ಬಸ್ಸು ನಿಂತೇ ಇತ್ತು, ಅವಳು ಓಡಿ ಹತ್ತಿಕೊಂಡಳು. ನಾನು ಆಟೋಗೆ ಕೈ ತೋರಿಸಿ, ಸದಾಶಿವನಗರ ಎಂದೆ.