ಹಿಂದಿನ ಸೀಟಿಗಾಗಿ ಒಂದು ತಿರುಗಾಟ

ಮೋಟರ್‌ಸೈಕಲ್ ನೋಡಲೆಂದು ಹೊರಟ ನಾವಿಬ್ಬರು ಹತ್ತಿದ್ದು ಬಸ್ಸನ್ನು. ಸಂಕ್ರಮಣ ಮುಗಿದ ಮರುವಾರ, ಚಿಕ್ಕೋಡಿಯ ಬಸ್ ನಿಲ್ದಾಣದಲ್ಲಿ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ನಿಪ್ಪಾಣಿಗೆ ನನ್ನಿಂದ ದುಡ್ಡು ತೆಗೆದುಕೊಂಡ ಕಂಡಕ್ಟರ್, ಹೆಂಡತಿ ಕಸ್ತೂರಿಗೆ ಪುಕ್ಕಟೆ ಟಿಕೀಟು ಹರಿದು ಕೊಟ್ಟ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಅವಳ ವಾದಕ್ಕೆ ಬಲ ಬಂದಿದೆ. ಬಸ್ಸಿನಲ್ಲಿ ಬೆನ್ನಿಗೆ ಆಸರೆ ಇದೆ, ಖರ್ಚೂ ಇಲ್ಲ, ನಿಮ್ಮ ಗಾಡಿ ಯಾಕೆ ಬೇಕು ಎಂದು ಕೇಳುತ್ತಾಳೆ.

ನನ್ನದು ಊರಿನಲ್ಲಿ ಕನ್ನಡಕದ ಅಂಗಡಿ. ಗಿರಾಕಿ ಒಳಗೆ ಕಾಲಿಟ್ಟ ಕೂಡಲೇ ಅವನ ಮೋರೆಗೆ ಯಾವ ಫ್ರೇಮು ಹೊಂದುತ್ತದೆಂದು ಹೇಳಿಬಿಡುವ ನಾನು, ಒಂದು ಗಾಡಿ ಆರಿಸಲಾಗದೆ ವರ್ಷದಿಂದ ಒದ್ದಾಡುತ್ತಿದ್ದೆ. ಕೂತಲ್ಲಿ ಕೂರುವ ಆಸಾಮಿ ನಾನಲ್ಲ. ಭಾನುವಾರ ಬಂತೆಂದರೆ ಹಳೆಯ ನೂರು ಸಿ.ಸಿ. ಗಾಡಿಯ ಹಿಂದೆ ಕಸ್ತೂರಿಯನ್ನು ಕೂರಿಸಿಕೊಂಡು ಎಲ್ಲಾದರೂ ಹೊರಟುಬಿಡುತ್ತಿದ್ದೆ. ಒಮ್ಮೆ ನಿಪ್ಪಾಣಿಯಲ್ಲಿ ಖಾರದ ಮಿಸಳ ತಿನ್ನಲಿಕ್ಕೆ, ಒಮ್ಮೆ ಕೃಷ್ಣೆಯ ದಂಡೆಗೆ, ಒಮ್ಮೆ ಸುಮ್ಮನೆ. ಎರಡು ವರ್ಷದ ಹಿಂದೆ ಅವಳ ಬೆನ್ನುಮೂಳೆಯ ಒಂದು ಬಿಲ್ಲೆ ಜಾರಿತು. ಔಷಧ, ವ್ಯಾಯಾಮ ಎಲ್ಲ ಆಗಿ ಈಗ ಮನೆಗೆಲಸ ಮಾಡಿಕೊಳ್ಳುತ್ತಾಳೆ, ಆದರೆ ಗಾಡಿಯ ಮೇಲೆ ಕೂತರೆ ಟೊಂಕ ಹಿಡಿಯುತ್ತದೆ. ಈಗ ಒಬ್ಬನೇ ಹೋಗುತ್ತೇನೆ, ಒಬ್ಬನೇ ಮಿಸಳ ತಿನ್ನುತ್ತೇನೆ, ತಿಂದಿದ್ದು ಮೈಗೆ ಹತ್ತುವುದಿಲ್ಲ.

ದೊಡ್ಡ ಗಾಡಿ ತೆಗೆದುಕೊಂಡರೆ ಎಲ್ಲ ಸರಿಹೋದೀತೆಂಬುದು ನನ್ನ ಲೆಕ್ಕ. ಹೆದ್ದಾರಿಗೂ ಬೇಕು, ಕಬ್ಬಿನ ಟ್ರ್ಯಾಕ್ಟರುಗಳು ಕೆಡಿಸಿದ ಹಳ್ಳಿ ರಸ್ತೆಗೂ ಬೇಕು, ತೀರ ಭಾರಿಯೂ ಆಗಬಾರದು. ಮುನ್ನೂರೈವತ್ತರಿಂದ ಆರುನೂರೈವತ್ತು ಸಿ.ಸಿ.ಯ ನಡುವೆ ಎಲ್ಲೋ ನಮ್ಮ ಗಾಡಿ ಇದೆಯೆಂದು ನಂಬಿದ್ದೆ. ಕಸ್ತೂರಿ ಒಪ್ಪಿಕೊಂಡು ಬಂದದ್ದು ಒಂದು ಷರತ್ತಿನ ಮೇಲೆ. ಬಸ್ಸು ನಿಲ್ದಾಣ ಬಿಡುವಾಗ ಅದನ್ನೇ ಮತ್ತೊಮ್ಮೆ ಹೇಳಿದಳು. "ಇದ ಕಡೀದು ನೋಡ್ರಿ. ಇದೂ ನನಗ ಆಗಲಿಲ್ಲಂದ್ರ, ಮುಂದ ಎಂದೂ ಗಾಡಿ ಹತ್ತು ಅನ್ನಬ್ಯಾಡ್ರಿ."

ನಮ್ಮ ಕಡೆ ಶೋರೂಮಿನವರನ್ನು ನಂಬಿ ಗಾಡಿ ತರುವವರು ಕಡಿಮೆ. ಅವರು ಕೊಡುವುದು ಒಂದು ಓಣಿ ಸುತ್ತಿ ಬರುವಷ್ಟು ಸವಾರಿ. ಅದಕ್ಕೇ ಯಾವ ಊರಿನ ಯಾವ ಬಳಗದವರ ಹತ್ತಿರ ಯಾವ ಗಾಡಿ ಇದೆಯೆಂದು ವಿಚಾರಿಸಿ, ಅವರ ಮನೆಗೆ ಹೋಗಿ, ಉಂಡು, ಅವರದ್ದನ್ನೇ ಹೊಡೆದು ನೋಡುವುದು ರೂಢಿ. ಇದರಲ್ಲಿ ಒಂದು ತೊಡಕಿದೆ. ಗಾಡಿಯ ಬಗ್ಗೆ ಮಾತಾಡುವುದೆಂದರೆ ಆ ಮನೆಯ ಅಳಿಯನ ಬಗ್ಗೆ ಮಾತಾಡಿದ ಹಾಗೆ. ಒಳ್ಳೆಯದನ್ನಷ್ಟೇ ಹೇಳಬೇಕು.

ನಿಪ್ಪಾಣಿಯಲ್ಲಿ ಇಳಿದಾಗ ತಂಬಾಕಿನ ಘಾಟು ಮೂಗಿಗೆ ಬಡಿಯಿತು. ಅಲ್ಲಿ ನನ್ನ ದೊಡ್ಡಪ್ಪನ ಮಗ ತಂಬಾಕಿನ ವ್ಯಾಪಾರ ಮಾಡುತ್ತಾನೆ. ಅಣ್ಣ ಗೋದಾಮಿನ ಆಳುಗಳ ಜೊತೆ ಮರಾಠಿಯಲ್ಲೂ ನಮ್ಮ ಜೊತೆ ಕನ್ನಡದಲ್ಲೂ ಒಟ್ಟಿಗೇ ಮಾತಾಡುತ್ತ ಗಾಡಿಯನ್ನು ಹೊರಗೆ ತಂದ. ಮುನ್ನೂರೈವತ್ತರ ಭಾರಿ ಗಾಡಿ, ಕಪ್ಪು ಬಣ್ಣ, ಎದೆಗೆ ಬಡಿಯುವ ಸದ್ದು. ಕಸ್ತೂರಿ ತಲೆಯ ಮೇಲೆ ಸೆರಗು ಎಳೆದುಕೊಂಡು ಒಂದೇ ಕಡೆ ಕಾಲು ಇಳಿಬಿಟ್ಟು ಕೂತಳು. ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿದ್ದರಿಂದ ದೂಳೋ ದೂಳು. ಲಾರಿಗಳ ನಡುವೆ ಕಾಗಲದ ದಿಕ್ಕಿಗೆ ಒಂದಿಷ್ಟು ದೂರ ಹೋಗಿ ತಿರುಗಿ ಬಂದೆವು. ನನಗೆ ಆನೆ ಹತ್ತಿದ ಹಾಗಾಗಿತ್ತು. ಅಣ್ಣ, ಅವನ ಹೆಂಡತಿ ವೈನಿ ಇಬ್ಬರೂ ಬಾಗಿಲಲ್ಲೇ ನಿಂತಿದ್ದರು. ಹೇಗಿದೆಯೆಂದು ವೈನಿ ಕೇಳಿದ್ದಕ್ಕೆ ಕಸ್ತೂರಿ, ಚಲೋ ಐತ್ರಿ ಎಂದಳು.

ರಾತ್ರಿ ಅಲ್ಲೇ ಉಳಿದೆವು. ನನಗೆ ಬೇಗ ಬೆಳಗಾದರೆ ಸಾಕಾಗಿತ್ತು. ಬೆಳಿಗ್ಗೆ ಮತ್ತೆ ಚಿಕ್ಕೋಡಿ ಮೇಲೆಯೇ ರಾಯಬಾಗದ ಕಡೆ ಹೋಗಬೇಕು. ನಮ್ಮ ಊರಿನಲ್ಲಿ ಬಸ್ಸು ಬದಲಿಸುವಾಗ ಕಸ್ತೂರಿ, ಮನೆಗೆ ಹೋಗಿ ಗಿಡಗಳಿಗೆ ನೀರು ಹಾಕಿ ಬರೋಣವೇ ಎಂದಳು. ಮನೆಯೊಳಗೆ ಕಾಲಿಟ್ಟರೆ ಅವಳು ಮತ್ತೆ ಹೊರಡುವವಳಲ್ಲವೆಂದು ಹೆದರಿ ನಾನು ಬೇಡವೆಂದೆ. ರಾಯಬಾಗದಲ್ಲಿ ಮುಗಳಖೋಡದ ಬಸ್ಸಿಗೆ ಕಾಯುವುದು ನನ್ನಿಂದಾಗಲಿಲ್ಲ. ನಿಲ್ದಾಣದ ಈ ತುದಿಯಿಂದ ಆ ತುದಿಗೆ ಶತಪಥ ಹಾಕಿದೆ, ಎರಡು ಸಲ ಚಹ ಕುಡಿದೆ. ಅವಳು ಕಲ್ಲು ಬೆಂಚಿನ ಮೇಲೆ ಬೆನ್ನು ಆನಿಸಿ ಕಣ್ಣು ಮುಚ್ಚಿಕೊಂಡಿದ್ದಳು.

ಮುಗಳಖೋಡದಲ್ಲಿ ನನ್ನ ಹೈಸ್ಕೂಲಿನ ಗೆಳೆಯ ಮೆಹಬೂಬ ಮಂಚ, ಕಪಾಟು ಮಾಡುವ ಕಾರ್ಖಾನೆ ಇಟ್ಟಿದ್ದಾನೆ. ಅವನ ಗಾಡಿ ನಾನೂರರ ಆಸುಪಾಸಿನದು, ಬೆಟ್ಟ ಹತ್ತಲೆಂದು ಮಾಡಿದ ಎತ್ತರದ ಜಾತಿ. ಅವನ ಮನೆಯವರು ಕೊಟ್ಟ ಖೀಮಾ, ಚಪಾತಿ ನಾನು ತಿಂದೆ. ಕಸ್ತೂರಿಗೆ ಬೇರೆ ಪಾತ್ರೆಯಲ್ಲಿ ಬದನೆಕಾಯಿ ಮಾಡಿಟ್ಟಿದ್ದರು. ಉಂಡಾದ ಮೇಲೆ ಗಾಡಿ ತೆಗೆದರೆ, ಅವಳಿಗೆ ಆ ಎತ್ತರದ ಸೀಟು ಹತ್ತಲಾಗಲಿಲ್ಲ. ಮೆಹಬೂಬ ಒಳಗಿಂದ ಹೊಸ ಸ್ಟೂಲೊಂದನ್ನು ತಂದಿಟ್ಟ. ಕಿತ್ತುಹೋದ ಹೊಲದ ದಾರಿಯಲ್ಲಿ ಎಷ್ಟು ತಗ್ಗು ಬಂದರೂ ಗಾಡಿ ನುಂಗಿಹಾಕಿತು. ನಾನು ಚಿಕ್ಕ ಹುಡುಗನಂತೆ ಖುಷಿಪಟ್ಟೆ. ಇಳಿಯಲೂ ಸ್ಟೂಲೇ ಬೇಕಾಯಿತು. ಇಳಿದವಳು ಮತ್ತೆ, ಚಲೋ ಐತ್ರಿ ಅಣ್ಣಾರ ಎಂದಳು.

ಹಾರೂಗೇರಿ ಮೇಲೆ ಹೋಗಿ ಕೃಷ್ಣೆಯನ್ನು ದಾಟಿ ಅಥಣಿ ಮುಟ್ಟಿದಾಗ ಹೊತ್ತು ಇಳಿದಿತ್ತು. ಅಲ್ಲಿ ನನ್ನ ಅಕ್ಕನ ಮನೆ. ಭಾವನದು ದ್ರಾಕ್ಷಿ ತೋಟ. ತಾನು ಏನು ಕೊಂಡರೂ ಬಳಗವೆಲ್ಲ ಅದನ್ನೇ ಕೊಳ್ಳಬೇಕು ಎನ್ನುವ ಮನುಷ್ಯ ಅವರು. ಮರುದಿನ ಬೆಳಿಗ್ಗೆ ಅವರ ಎರಡು ಸಿಲಿಂಡರಿನ ಆರುನೂರೈವತ್ತನ್ನು ವಿಜಯಪುರದ ರಸ್ತೆಗೆ ಹಾಕಿದೆ. ನಡುಕವಿಲ್ಲ, ಗದ್ದಲವಿಲ್ಲ, ಎಣ್ಣೆಯಲ್ಲಿ ಕೈ ಜಾರಿದ ಹಾಗೆ ಹೋಗುತ್ತಿತ್ತು. ಇನ್ನೂ ಮುಂದೆ ಹೋಗೋಣ, ಇನ್ನೂ ಮುಂದೆ ಎಂದು ಜೀವ ತುಡಿಯಿತು. ಹಿಂದಿನಿಂದ ಮಾತಿಲ್ಲ ಕತೆಯಿಲ್ಲ, ನನ್ನ ಭುಜವನ್ನು ಹಿಡಿದ ಕೈ ಮಾತ್ರ ಬಿಗಿಯಾಗಿತ್ತು. ವೇಗಕ್ಕೆ ಹೆದರಿದ್ದಾಳೆ ಎಂದುಕೊಂಡೆ.

ಮನೆಗೆ ಬಂದಾಗ ಭಾವ ಆಗಲೇ ಪರಿಚಯದ ಮಾರಾಟಗಾರನಿಗೆ ಫೋನು ಹಚ್ಚಿದ್ದರು. ಬೂದು ಬಣ್ಣದ್ದು ಒಂದೇ ಉಳಿದಿದೆಯಂತೆ. ನಾನು ಕಸ್ತೂರಿಯ ಮುಖ ನೋಡಿದೆ. ಅಕ್ಕ, ಭಾವ, ಅವರ ಸೊಸೆ ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ಚಲೋ ಐತ್ರಿ ಎಂದು ಅಡುಗೆಮನೆಗೆ ಹೋದಳು. ನಾನು, ಅದನ್ನು ನಮಗೇ ಇಟ್ಟಿರಲು ಹೇಳಿ ಎಂದೆ. ಒಂದು ವರ್ಷದ ತೊಳಲಾಟ ಒಂದು ಮಾತಿಗೆ ಮುಗಿದದ್ದಕ್ಕೆ ಹಗುರಾಗಬೇಕಾಗಿತ್ತು, ಆದರೆ ನಾನು ಅಡುಗೆಮನೆಯ ಬಾಗಿಲನ್ನೇ ನೋಡುತ್ತ ಕೂತೆ.

ಕಾಗವಾಡ ಕಸ್ತೂರಿಯ ತವರು. ಇಷ್ಟು ದೂರ ಬಂದು ತಮ್ಮನ ಮನೆಗೆ ಹೋಗದಿದ್ದರೆ ಹೇಗೆಂದು ಮಿರಜದ ಬಸ್ಸು ಹಿಡಿದು ಮಧ್ಯಾಹ್ನ ಅಲ್ಲಿ ಇಳಿದೆವು. ಹೊಸ್ತಿಲು ದಾಟಿದ್ದೇ ತಡ ಅವಳ ತಲೆಯ ಸೆರಗು ಹೆಗಲಿಗೆ ಬಂತು. ತಮ್ಮನ ಹೆಂಡತಿ ಸವಿತಾ ನೀರು ಕೊಡುವುದರೊಳಗೆ ಪಡಸಾಲೆಯ ನೆಲದ ಮೇಲೆ ಅಂಗಾತ ಮಲಗಿಬಿಟ್ಟಳು. ನಾನು ಅವಳ ತಮ್ಮ ಸುಭಾಸನಿಗೆ ಅಥಣಿಯ ಗಾಡಿಯನ್ನು ವರ್ಣಿಸುತ್ತ ಕೂತಿದ್ದೆ. ನೆಲದಿಂದ ದನಿ ಬಂತು.

"ಆ ಗಾಡಿ ನನಗ ಆಗಂಗಿಲ್ರಿ. ಯಾವುದೂ ಆಗಲಿಲ್ಲ. ನಿಪ್ಪಾಣಿಯಿಂದ ಟೊಂಕ ಹಿಡದದ್ದು ಇನ್ನೂ ಬಿಟ್ಟಿಲ್ಲ."

ನನಗೆ ರೇಗಿತು. ಮೂರು ಮನೆಯಲ್ಲಿ ಚಲೋ ಐತಿ ಎಂದವಳು ಯಾರು ಎಂದು ಕೇಳಿದೆ.

"ಅವರ ಮನ್ಯಾಗ ಉಂಡು ಅವರ ಗಾಡೀಗೆ ಕೆಟ್ಟ ಹೆಸರಿಡ್ಲೇನು? ನಾ ಅಲ್ಲಿ ಸೊಸಿ. ಇಲ್ಲಿ ನನ್ನ ತವರುಮನಿ, ಇಲ್ಲಿ ಖರೇ ಹೇಳತೇನಿ." ಮೊಣಕೈ ಊರಿ ಎದ್ದು ಕೂತಳು. "ಎಲ್ಲಾ ಗಾಡಿ ಮುಂದ ಕುಂತು ನೋಡಿದ್ರಿ. ಒಮ್ಮೆ ಹಿಂದ ಕುಂದರ್ರಿ. ನಾ ಕುಂತಂಗ ಒಂದ ಕಡೆ ಕಾಲು ಹಾಕಿ ಕುಂದರ್ರಿ."

ತಮಾಷೆಗೆ ಹೇಳುತ್ತಿದ್ದಾಳೆ ಎಂದುಕೊಂಡರೆ, ಸುಭಾಸ ಗಾಡಿಯನ್ನು ಅಂಗಳದಿಂದ ಹೊರಗೆ ತಂದೇಬಿಟ್ಟ. ಅವನದು ಯಾರೂ ತಿರುಗಿ ನೋಡದ ಸಾದಾ ಮುನ್ನೂರೈವತ್ತು, ಗಿಡ್ಡ, ಉದ್ದ ಸಪಾಟು ಸೀಟು. ನನ್ನ ಪಟ್ಟಿಯಲ್ಲೇ ಇರಲಿಲ್ಲ. ಊರ ಅಳಿಯನಾದ ನಾನು ಅವನ ಹಿಂದೆ ಹೆಂಗಸರಂತೆ ಒಂದೇ ಕಡೆ ಕಾಲು ಇಳಿಬಿಟ್ಟು ಶೇಡಬಾಳದ ರಸ್ತೆಗೆ ಹೊರಟೆ. ಚಹದಂಗಡಿಯ ಮುಂದೆ ಕೂತವರು ಕಪ್ಪು ಕೆಳಗಿಟ್ಟು ನೋಡಿದರು. ಒಬ್ಬ ಮರಾಠಿಯಲ್ಲಿ ಏನೋ ಅಂದ, ಉಳಿದವರು ನಕ್ಕರು.

ನಗು ದಾಟಿದ ಮೇಲೆ ಮೈಯ ಪಾಡು ಶುರುವಾಯಿತು. ಗಾಡಿ ಮುಂದಕ್ಕೆ ಹೋಗುತ್ತದೆ, ಮೈ ಕಬ್ಬಿನ ಹೊಲದ ಕಡೆಗಿದೆ. ದಾರಿ ನೋಡಬೇಕೆಂದರೆ ಸೊಂಟವನ್ನು ಹಿಂಡಿದ ಬಟ್ಟೆಯಂತೆ ತಿರುಚಬೇಕು. ಎರಡೂ ಪಾದಕ್ಕೆ ಇರುವುದು ಅಂಗೈ ಅಗಲದ ಒಂದು ಪಟ್ಟಿ. ಸುಭಾಸ ಬ್ರೇಕು ಹಾಕಿದಾಗ ಮುಂದಕ್ಕೆ ಜಾರುತ್ತಿದ್ದೆ, ಹಂಪು ಬಂದಾಗ ಇಡೀ ಮೈಭಾರ ಸೊಂಟದ ಒಂದೇ ಬದಿಯ ಮೇಲೆ ಬೀಳುತ್ತಿತ್ತು. ಎದುರಿಗೆ ಎರಡು ಟ್ರೇಲರು ಕಬ್ಬು ಎಳೆದುಕೊಂಡು ಟ್ರ್ಯಾಕ್ಟರು ಬಂದಾಗ, ನೆಲ ಕಾಣುತ್ತ ಮುಂದೇನಿದೆಯೆಂದು ಕಾಣದೆ ಸುಭಾಸನ ಭುಜವನ್ನು ಬಿಗಿಯಾಗಿ ಹಿಡಿದೆ. ಶೇಡಬಾಳ ಇನ್ನೂ ದೂರವಿರುವಾಗಲೇ ನಿಲ್ಲಿಸಪ್ಪ ಎಂದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಇವಳು ಹೀಗೆ ನನ್ನ ಹಿಂದೆ ಕೂತು ಬಂದಿದ್ದಾಳಲ್ಲ ಎಂದು ಮನಸ್ಸಿಗೆ ತುಂಬ ಕೆಡುಕೆನಿಸಿತು. ವಾಪಸು ಬರುವಾಗ ಗಾಡಿಯ ಎರಡೂ ಕಡೆ ಕಾಲು ಹಾಕಿ ಕೂತೆ. ಅದೇ ಗಾಡಿ, ಅದೇ ರಸ್ತೆ, ನೋವು ಅರ್ಧಕ್ಕರ್ಧ ಇಳಿಯಿತು.

ಮನೆ ಮುಟ್ಟಿದ ಕೂಡಲೇ ಅದನ್ನೇ ಹೇಳಿದೆ. ಸವಿತಾ ಒಳಗೆ ಹೋಗಿ ತನ್ನದೊಂದು ಪಂಜಾಬಿ ಡ್ರೆಸ್ಸು ತಂದಳು. ಮದುವೆಯಾದಂದಿನಿಂದ ಕಸ್ತೂರಿ ಸೀರೆ ಬಿಟ್ಟು ಬೇರೆ ತೊಟ್ಟವಳಲ್ಲ. ಬೇಡ ಬೇಡ ಎನ್ನುತ್ತಲೇ ಒಳಗೆ ಹೋದಳು. ಹೊರಗೆ ಬಂದಾಗ ಎಲ್ಲರ ಮುಖ ತಪ್ಪಿಸಿ ಗಾಡಿಯನ್ನೇ ನೋಡುತ್ತಿದ್ದಳು. ಗಿಡ್ಡ ಗಾಡಿಯಾದ್ದರಿಂದ ಯಾರ ಆಸರೆಯೂ ಇಲ್ಲದೆ ಕಾಲು ಆಚೆ ಹಾಕಿ ಕೂತಳು. ಇಬ್ಬರೂ ಗಣೇಶವಾಡಿಯ ಕಡೆ ಹೊರಟೆವು. ಊರು ದಾಟಿದೆವು. ಆಮೇಲೆ, ಆ ಹೊಲ ಅವರು ಮಾರಿದರಂತೆ, ಈ ಬಾವಿಯಲ್ಲಿ ನಾವು ಈಜು ಕಲಿತದ್ದು, ಇನ್ನಷ್ಟು ಮುಂದೆ ಹೋದರೆ ಮಹಾರಾಷ್ಟ್ರ ಎಂದು ಹಿಂದಿನಿಂದ ಮಾತು ಶುರುವಾಯಿತು. ನಾನು ಬೇಕೆಂದೇ ನಿಧಾನ ಮಾಡಿದೆ.

ನೋವು ಪೂರಾ ಹೋಗಿರಲಿಲ್ಲ. ನಡುನಡುವೆ ನಿಂತು ಇಳಿದು ಅಡ್ಡಾಡಬೇಕು ಎಂದಳು. ಆದರೆ ಇದೇ ಸೀಟು, ಇದೇ ಎತ್ತರ ಎಂದು ಖಡಾಖಂಡಿತ ಹೇಳಿದಳು. ಅಥಣಿಯದ್ದರಲ್ಲೂ ಎರಡೂ ಕಡೆ ಕಾಲು ಹಾಕಿ ಕೂರಬಹುದಲ್ಲ ಎಂದು ನಾನು ಸಣ್ಣ ದನಿಯಲ್ಲಿ ಕೇಳಿ ನೋಡಿದೆ. ಅಲ್ಲಿ ಹಿಂದೆ ಇರುವುದು ಸೀಟಲ್ಲ, ಮಣೆ ಎಂದಳು. ಭಾವನಿಗೆ ಫೋನು ಮಾಡಿ ಬೂದು ಗಾಡಿ ಬೇಡವೆಂದೆ. ತಮ್ಮ ಗಾಡಿಗೇನಾಗಿದೆ ಎಂದು ಕೇಳಿದರು. ಏನೂ ಆಗಿಲ್ಲ, ನಮಗೆ ಹೊಂದುವುದಿಲ್ಲ ಎಂದೆ. ಫೋನು ಇಟ್ಟುಬಿಟ್ಟರು. ದೀಪಾವಳಿಯ ತನಕ ಈ ಸಿಟ್ಟು ಹೋಗುವುದಿಲ್ಲವೆಂದು ನನಗೆ ಗೊತ್ತು.

ಕೊಳ್ಳುವ ಮೊದಲು ನಾಲ್ಕು ದಿನ ಇಟ್ಟುಕೊಂಡು ನೋಡಿರೆಂದು ಸುಭಾಸ ತನ್ನ ಗಾಡಿಯನ್ನೇ ಕೊಟ್ಟು ಕಳಿಸಿದ. ಮರುದಿನ ಉಂಡು ಹೊರಟೆವು. ಕಸ್ತೂರಿ ಸೀರೆಯನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಅದೇ ಡ್ರೆಸ್ಸಿನಲ್ಲಿ, ಸವಿತಾಳ ಹೆಲ್ಮೆಟ್ಟು ಹಾಕಿಕೊಂಡು ಕೂತಳು. ಮಾಂಜರಿಯ ಸೇತುವೆಯ ಮೇಲೆ ನದಿಯ ಗಾಳಿ ತಣ್ಣಗಿತ್ತು. ಅಂಕಲಿಯಲ್ಲಿ ಇಳಿದು ಭಜಿ ತಿಂದೆವು, ಅವಳು ರಸ್ತೆಯ ಬದಿಗೆ ಹತ್ತು ಹೆಜ್ಜೆ ಓಡಾಡಿದಳು. ಅಲ್ಲಿಂದ ಮುಂದೆ ಮಾತು ಕಡಿಮೆಯಾಗುತ್ತ ಬಂತು. ಚಿಕ್ಕೋಡಿಯ ಮೊದಲ ಮನೆಗಳು ಕಂಡಾಗ ಪೂರ್ತಿ ನಿಂತಿತು.

ಕಾರಣ ನನಗೆ ಗೊತ್ತಿತ್ತು. ನಮ್ಮ ಓಣಿಯ ಬಾಯಲ್ಲೇ ನನ್ನ ಚಿಕ್ಕಪ್ಪನ ಹೆಂಡತಿ ಕಾಕಿಯ ಮನೆ. ತಲೆಯ ಮೇಲೆ ಸೆರಗಿಲ್ಲದೆ ಆ ಕಟ್ಟೆಯ ಮುಂದೆ ಹಾದುಹೋದ ಸೊಸೆ ನಮ್ಮ ಮನೆತನದಲ್ಲಿ ಇಲ್ಲ. ಕಾಕಿ ಬೈಯುವುದಿಲ್ಲ, ಬರೀ ನೋಡುತ್ತಾರೆ. ನೋಡಿದ್ದು ಸಂಜೆಯೊಳಗೆ ಬಳಗಕ್ಕೆಲ್ಲ ಮುಟ್ಟಿರುತ್ತದೆ. ಇಂದು ಕಸ್ತೂರಿ ಇಲ್ಲಿ ಇಳಿದು ಸೀರೆ ಉಟ್ಟುಕೊಂಡರೆ, ನಾಳೆಯಿಂದ ಮನೆಯಿಂದಲೂ ಸೀರೆಯಲ್ಲೇ ಒಂದೇ ಕಡೆ ಕೂತು ಹೊರಡಬೇಕು. ಹಾಗಾದರೆ ಯಾವ ಗಾಡಿ ತಂದರೂ ನಾನು ಮತ್ತೆ ಒಬ್ಬನೇ. ಅಷ್ಟಾದರೂ ಒತ್ತಾಯ ಮಾಡಲಿಲ್ಲ. ಬಸ್ ನಿಲ್ದಾಣದ ಹತ್ತಿರ ಗಾಡಿ ನಿಲ್ಲಿಸಿ, ಒಳಗೆ ಹೋಗಿ ಬಟ್ಟೆ ಬದಲಿಸಿ ಬರುತ್ತೀಯಾ ಎಂದು ಕೇಳಿದೆ.

ಅವಳು ಇಳಿದಳು. ಚೀಲ ಕೈಗೆ ತೆಗೆದುಕೊಂಡಳು. ಸ್ವಲ್ಪ ಹೊತ್ತು ನಿಂತು ಒಂದು ಕೈಯಿಂದ ಟೊಂಕ ಒತ್ತಿ ನೋಡಿಕೊಂಡಳು. ಆಮೇಲೆ ಚೀಲವನ್ನು ನನ್ನ ಮುಂದೆ ಟ್ಯಾಂಕಿನ ಮೇಲಿಟ್ಟು, ಕಾಲು ಆಚೆ ಹಾಕಿ ಕೂತಳು.

"ನಡೀರಿ," ಎಂದಳು.

ಕಾಕಿ ಕಟ್ಟೆಯ ಮೇಲೆಯೇ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಗಾಡಿ ಎದುರಿಗೆ ಬಂದಾಗ ಕೈ ನಿಂತಿತು. ನಾನು ಮುಖ ಮುಂದಿಟ್ಟುಕೊಂಡು ಬೇಗ ದಾಟಿಬಿಡೋಣವೆಂದು ಗೇರು ಬದಲಿಸಲು ಹೊರಟೆ. ಕಸ್ತೂರಿ ನನ್ನ ಭುಜ ಒತ್ತಿ ನಿಲ್ಲಿಸಿದಳು. ಹೆಲ್ಮೆಟ್ಟಿನ ಗಾಜು ಮೇಲೆತ್ತಿ, ಕೂತಲ್ಲಿಂದಲೇ, ದಿನಾ ಕೇಳುವ ದನಿಯಲ್ಲೇ ಕೇಳಿದಳು.

"ಊಟ ಆತೇನ್ರಿ ಕಾಕಿ?"