ಬೆನ್ನಿನ ನೀರು ಹೇಳಿದ್ದು

ನಮ್ಮ ಯಜಮಾನರು ದಿನಕ್ಕೆ ಎರಡೆರಡು ಸಲ ಲಿಂಗಪೂಜೆಗೆ ಕೂರತೊಡಗಿದಾಗ ನಾನು ಸಂತೋಷಪಟ್ಟೆ. ಸಿರುಗುಪ್ಪದಲ್ಲಿ ಗೊಬ್ಬರದ ಅಂಗಡಿ ಇಟ್ಟವರು. ಮೊದಲೆಲ್ಲ ವಿಭೂತಿ ಹಚ್ಚಿಕೊಂಡವರೇ ಅಂಗಡಿಗೆ ಓಡುತ್ತಿದ್ದರು. ಕುರುಗೋಡಿನಿಂದ ಬಂದ ಅವರ ಅಕ್ಕ ಗೌರಕ್ಕ ನನ್ನನ್ನೇ ಕೆಣಕಿದರು: "ನನ್ ತಮ್ಮ ಶರಣ ಆಗಾಕ ಹತ್ಯಾನ. ನೀನ ಹಿಂದ ಉಳದಿ ನೋಡವ್ವ."

ಆಮೇಲೆ ಇವರು ಊಟಕ್ಕೆ ತಾಟು ಇಟ್ಟಾಗಲೆಲ್ಲ ಪೂಜೆಗೆಂದು ಎದ್ದು ಹೋಗತೊಡಗಿದರು. ಪೂಜೆ ಮಾಡದೆ ಉಣ್ಣುವುದು ನಮ್ಮಲ್ಲಿಲ್ಲ. ಈಗಷ್ಟೇ ಮಾಡಿದಿರಲ್ಲ ಎಂದರೆ ನಂಬುತ್ತಿರಲಿಲ್ಲ. ವಾದಿಸಿದೆ, ಬೈದೆ. ಊಟ ತಪ್ಪಿ ತಪ್ಪಿ ಅವರ ಅಂಗಿಗಳು ಸಡಿಲವಾದವು.

"ಪೂಜಿ ಆಗಿಲ್ಲಲೇ," ಎಂದು ಒಂದು ಮಧ್ಯಾಹ್ನ ಅತ್ತುಬಿಟ್ಟರು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು.

ಅದು ಭಕ್ತಿಯಲ್ಲ, ಮರೆವು.

ಬಳ್ಳಾರಿಯ ಡಾಕ್ಟರಮ್ಮ ರಕ್ತ ಪರೀಕ್ಷೆ, ಎಂಆರ್‌ಐ ಮಾಡಿಸಿದರು. ಖಚಿತವಾಗಲಿಲ್ಲ. ಡಿಪ್ರೆಶನ್‌ನಲ್ಲೂ ಹೀಗಾಗಬಹುದು, ಅದಾದರೆ ಗುಣವಾಗುತ್ತದೆ; ಅಲ್ಝೈಮರ್ ಆದರೆ ದಾರಿ ಬೇರೆ ಎಂದರು. ಲಂಬಾರ್ ಪಂಕ್ಚರ್ ಮಾಡಿ ಬೆನ್ನಿನ ನೀರು ತೆಗೆದು, ಅದರಲ್ಲಿ ಅಮಿಲಾಯ್ಡ್, ಟೌ ಎಂಬ ಪ್ರೋಟೀನುಗಳು ಎಷ್ಟೆಷ್ಟಿವೆ ಎಂದು ನೋಡಬೇಕಂತೆ. ಮೊದಲನೆಯದು ಕಡಿಮೆಯಾಗಿ ಎರಡನೆಯದು ಹೆಚ್ಚಿದ್ದರೆ ಅಲ್ಝೈಮರ್.

ಗೌರಕ್ಕ ಬೇಡವೇ ಬೇಡ ಎಂದರು. ಬೆನ್ನಿಗೆ ಸೂಜಿ ಹಾಕಿದರೆ ಕಾಲಿನ ಸ್ವಾಧೀನ ಹೋಗುತ್ತದೆ ಎಂಬ ಭಯ ಅವರಿಗೆ. "ಬೆನ್ನುಹುರಿ ಮ್ಯಾಲೇ ಮುಗದಿರ್ತೈತ್ರಿ. ಸೂಜಿ ಹಾಕೋದು ಅದರ ಕೆಳಗ," ಎಂದರು ಡಾಕ್ಟರಮ್ಮ. ನಾನು ಸಹಿ ಹಾಕಿದೆ.

ಮಗ್ಗುಲಾಗಿ, ಮೊಣಕಾಲು ಎದೆಗೆ ಮಡಚಿ ಮಲಗಿಸಿದರು. ಯಜಮಾನರು ಕೊರಳಿನ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ನರ್ಸ್ ಬಿಡಿಸಲಿಲ್ಲ, ಪುಣ್ಯಾತ್ಗಿತ್ತಿ. ಇವರು ಅಲುಗಾಡಲೂ ಇಲ್ಲ. ನೀರು ಹನಿಹನಿಯಾಗಿ ಬಿತ್ತು, ತೀರ್ಥದಷ್ಟು ತಿಳಿ. ಆಮೇಲೆ ಒಂದಿಷ್ಟು ತಲೆನೋವು ಬಂತು, ಹೋಯಿತು. ಕಾಲಿಗೆ ಏನೂ ಆಗಲಿಲ್ಲ.

ರಿಪೋರ್ಟ್ ಬರುವವರೆಗೆ, ಡಿಪ್ರೆಶನ್ನೇ ಇರಲಿ ಶಿವನೇ ಎಂದು ಬೇಡಿದೆ. ಗಂಡನಿಗೆ ಇಂಥ ರೋಗವನ್ನೇ ಕೊಡು ಎಂದು ಹರಕೆ ಹೊತ್ತವಳು ನಾನೊಬ್ಬಳೇ ಇರಬೇಕು.

ಅಲ್ಝೈಮರ್.

ಗುಳಿಗೆಯಿಂದ ಗುಣವಾಗದು, ಸ್ವಲ್ಪ ಆಸರೆಯಾದೀತು ಎಂದರು ಡಾಕ್ಟರಮ್ಮ. ಇನ್ನೊಂದು ಮಾತನ್ನೂ ಹೇಳಿದರು: "ಪೂಜಿ ಆಗೇತಿ ಅಂತ ವಾದ ಮಾಡಬ್ಯಾಡ್ರಿ. ಅವ್ರ ಪಾಲಿಗೆ ಆಗಿರಂಗಿಲ್ಲ."

ಮೊನ್ನೆ ಗೌರಕ್ಕ ಬಂದಿದ್ದರು. ಉಣ್ಣಲು ಕೂತ ತಮ್ಮ ಮತ್ತೆ ಪೂಜೆ ಎಂದಾಗ, ನಾನು ಬಾಯಿ ತೆರೆಯುವ ಮೊದಲೇ ಅವರೇ ಎದ್ದು ತಂಬಿಗೆಯಲ್ಲಿ ನೀರು ತಂದಿಟ್ಟರು. "ಮಾಡಪ್ಪ. ತಾಟು ಮುಚ್ಚಿಡ್ತೀವಿ."

ನಾವಿಬ್ಬರೂ ಉಣ್ಣದೆ ಕಾದೆವು. ಇವರು ಪೂಜೆ ಮುಗಿಸಿ ಬಂದು ಕೂತು ರೊಟ್ಟಿ ಮುರಿದರು. ಪುಂಡಿಪಲ್ಯ ಇನ್ನಷ್ಟು ಹಾಕು ಎಂದರು.

ಕೇಳಿ ಹಾಕಿಸಿಕೊಂಡು ಉಂಡರು. ಆ ದಿನದ ಮಟ್ಟಿಗೆ ನಾನು ಶಿವನಲ್ಲಿ ಬೇರೇನೂ ಬೇಡಲಿಲ್ಲ.